ಆರನೆಯ ಸಾಲು

ಶನಿವಾರ, ಬೆಳಗಿನ ಐದೂವರೆ. ಅಮೆರಿಕದ ನ್ಯೂಜೆರ್ಸಿಯ ಹ್ಯಾರಿಸನ್ ಊರಿನ ಆಟದ ಮೈದಾನದ ಬೀದಿದೀಪ ಇನ್ನೂ ಆರಿಲ್ಲ. ಅಕ್ಟೋಬರ್ ಚಳಿಗೆ ಕಬ್ಬಿಣ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಮೂವತ್ತೈದರ ಎತ್ತರದ ಹೆಂಗಸೊಬ್ಬರು ಒಂದೊಂದು ಕೈಗೆ ಒಂದೊಂದು ಹರ್ಡಲ್ ಹಿಡಿದು ಓಟದ ಹಾದಿಗೆ ಇಳಿಯುತ್ತಾರೆ. ಬಲಗಾಲು ಸ್ವಲ್ಪ ಎಳೆಯುತ್ತದೆ. ಡಾಂಬರಿನ ಮೇಲೆ ಮಂಡಿಯೂರಿ ಉಕ್ಕಿನ ಟೇಪು ಬಿಚ್ಚಿ ಅಳೆಯುತ್ತಾರೆ, ಹರ್ಡಲ್ ಇಡುತ್ತಾರೆ, ಇಟ್ಟ ಮೇಲೆ ಇನ್ನೊಮ್ಮೆ ಅಳೆಯುತ್ತಾರೆ. ಹಳದಿ ಬಣ್ಣದ ಗುರುತು ಕಣ್ಣೆದುರಿಗೇ ಇದೆಯಲ್ಲ, ಮತ್ತೇಕೆ ಅಳತೆ ಎಂದು ಕೇಳಿದೆ.

"ಗುರುತನ್ನು ನಂಬಿ ಒಂದು ಸಲ ಸಾಕಾಗಿದೆ," ಎನ್ನುತ್ತಾರೆ. ತಲೆ ಎತ್ತುವುದಿಲ್ಲ.

ಇವರು ಮೆರೆಟೆ ಲಿಂಡ್‌ಗೋರ್, ಡೆನ್ಮಾರ್ಕಿನವರು. ಒಂದು ಕಾಲದಲ್ಲಿ ಆ ದೇಶದ ಎರಡನೆಯ ಅತಿ ವೇಗದ ಹರ್ಡಲ್ ಓಟಗಾರ್ತಿ. ಈಗ ಈ ಮೈದಾನದ ಕೆಲಸದವರು. ಆರು ಲೇನು, ಲೇನಿಗೆ ಹತ್ತು, ಒಟ್ಟು ಅರವತ್ತು ಹರ್ಡಲ್. ಒಂದೊಂದೂ ಹತ್ತು ಕಿಲೋ ತೂಗುತ್ತದೆ. ಬೆಳಿಗ್ಗೆ ಇಡಬೇಕು, ಸಂಜೆ ತೆಗೆಯಬೇಕು. ನಡುವೆ ಹೋಬೋಕನ್‌ನ ಒಂದು ಲಾಂಡ್ರಿಯಲ್ಲಿ ಆಸ್ಪತ್ರೆಯ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುತ್ತಾರೆ. ಏಳಕ್ಕೆ ಶಾಲೆಯ ಹುಡುಗಿಯರು ಓಡಲು ಬರುತ್ತಾರೆ. ಅವರಿಗೆ ಈಕೆ ಬರೀ 'ಹರ್ಡಲ್ ಲೇಡಿ'. ಹೆಸರು ಕೇಳಿದವರಿಲ್ಲ.

ಕನ್ನಡ ಪತ್ರಿಕೆಗೆ ಬರೆಯುವ ನನ್ನನ್ನು ಇಲ್ಲಿಗೆ ಕರೆತಂದವರು ಧಾರವಾಡದ ಗೆಳೆಯರೊಬ್ಬರು. ಸಿವಿಲ್ ಇಂಜಿನಿಯರ್, ನೂವರ್ಕ್‌ನಲ್ಲಿ ನಕ್ಷೆ ಬರೆಯುವ ಕೆಲಸ. ಪ್ರತಿ ಶನಿವಾರ ಎರಡು ಲೋಟ ಕಾಫಿಯ ಜೊತೆ ಬಂದು ಮೆರೆಟೆಗೆ ಹರ್ಡಲ್ ಹೊತ್ತು ಕೊಡುತ್ತಾರೆ. ವಾರವಿಡೀ ದುಡಿದು ಶನಿವಾರ ಮುಸುಕು ಹೊದ್ದು ಮಲಗುವ ನಮ್ಮವರ ನಡುವೆ ಇದೆಂಥ ಹುಚ್ಚು ಎಂದು ಮೊದಲು ನಕ್ಕಿದ್ದೆ. ಆಮೇಲೆ ನಗು ನಿಂತಿತು. ಅವರ ಹೆಸರು ಇಲ್ಲಿ ಬರೆಯುತ್ತಿಲ್ಲ.

ಮೆರೆಟೆ ಹುಟ್ಟಿದ್ದು ರಾಂಡರ್ಸ್ ಎಂಬ ಊರಿನಲ್ಲಿ. ತಂದೆ ಕೈಗವಸು ಹೊಲಿಯುವ ಕಾರ್ಖಾನೆಯಲ್ಲಿ ಚರ್ಮ ಕತ್ತರಿಸುತ್ತಿದ್ದರು. ಹದಿನೈದನೆಯ ವಯಸ್ಸಿಗೆ ಮಗಳು ಹರ್ಡಲ್ ಹಾರತೊಡಗಿದಳು. ಆಗ ಹೆಂಗಸರದು ಎಂಬತ್ತು ಮೀಟರ್ ಓಟ, ಎಂಟು ಹರ್ಡಲ್, ಒಂದರಿಂದ ಇನ್ನೊಂದಕ್ಕೆ ಎಂಟು ಮೀಟರ್. ಈ ಎಂಟು ಮೀಟರ್‌ಗೆ ಮೂರೇ ಹೆಜ್ಜೆ, ನಾಲ್ಕನೆಯದು ಗಾಳಿಯಲ್ಲಿ.

"ಹನ್ನೊಂದು ವರ್ಷ ಅದೇ ಮೂರು ಹೆಜ್ಜೆ," ಎನ್ನುತ್ತಾರೆ ಮೆರೆಟೆ. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡಕ್ಕೆ ತಂದಿದ್ದೇನೆ. "ನಿದ್ದೆಯಲ್ಲಿ ಎಬ್ಬಿಸಿದ್ದರೂ ಕಾಲು ತಪ್ಪುತ್ತಿರಲಿಲ್ಲ."

ಸಾವಿರದ ಒಂಬೈನೂರ ಅರವತ್ತೊಂಬತ್ತರಲ್ಲಿ ನಿಯಮ ಬದಲಾಯಿತು. ಎಂಬತ್ತು ಹೋಗಿ ನೂರು ಮೀಟರ್ ಬಂತು. ಹತ್ತು ಹರ್ಡಲ್, ಎತ್ತರ ಮೂರು ಅಂಗುಲ ಹೆಚ್ಚು, ನಡುವಿನ ಅಂತರ ಎಂಟೂವರೆ ಮೀಟರ್. ಅರ್ಧ ಮೀಟರ್ ಎಂದರೆ ಹೆಚ್ಚು ಕಡಿಮೆ ಒಂದು ಮೊಳ. ನಮ್ಮೂರಿನ ಹೂವಿನವಳು ಕೊಸರು ಎಂದು ಬಿಟ್ಟುಕೊಡುವಷ್ಟು. ಆ ಒಂದು ಮೊಳ ಈಕೆಯ ಬದುಕನ್ನು ನುಂಗಿತು. ಇಪ್ಪತ್ತೇಳರ ವಯಸ್ಸಿನಲ್ಲಿ ಕಾಲಿಗೆ ಹೊಸ ಪಾಠ ಹೇಳಿಕೊಡಬೇಕಾಯಿತು. ಊರಿನ ತರಬೇತುದಾರರು ಕೈಬಿಟ್ಟರು. ಹೋಬೋಕನ್‌ನಲ್ಲಿದ್ದ ಚಿಕ್ಕಮ್ಮನ ಆಸರೆ ನಂಬಿ ಈ ಕಡೆ ಬಂದರು. ಹಗಲೆಲ್ಲ ಲಾಂಡ್ರಿ, ನಸುಕಿನಲ್ಲಿ ಇದೇ ಮೈದಾನ. ಮೂರು ವರ್ಷ ಎಂಟೂವರೆ ಮೀಟರ್ ಅಭ್ಯಾಸ ಮಾಡಿದರು.

ಎಪ್ಪತ್ತೆರಡರಲ್ಲಿ ಮ್ಯೂನಿಕ್ ಒಲಿಂಪಿಕ್ಸ್ ಇತ್ತು. ಹದಿಮೂರು ಪಾಯಿಂಟ್ ಏಳು ಸೆಕೆಂಡಿನೊಳಗೆ ಓಡಿ ತೋರಿಸಿದರೆ ತಂಡಕ್ಕೆ ಸೇರಿಸುತ್ತೇವೆ, ಜೂನ್ ಕೊನೆಯೇ ಗಡುವು ಎಂದು ಡೆನ್ಮಾರ್ಕಿನಿಂದ ಕಾಗದ ಬಂತು. ಇಲ್ಲಿನ ಕ್ಲಬ್ಬೊಂದು ಜೂನ್ ಕೊನೆಯ ಭಾನುವಾರ ಈ ಮೈದಾನದಲ್ಲೇ ಓಟ ಇಟ್ಟಿತು. ಕೈ ಸಾಲದೆ ಅಕ್ಕಪಕ್ಕದ ಅಪಾರ್ಟ್‌ಮೆಂಟಿನವರನ್ನೂ ನೆರವಿಗೆ ಕರೆದರು. ಒಬ್ಬೊಬ್ಬರಿಗೆ ಆರೂ ಲೇನಿಗೆ ಅಡ್ಡವಾಗಿ ಒಂದೊಂದು ಸಾಲು. ನನ್ನ ಗೆಳೆಯರಿಗೆ ಸಿಕ್ಕಿದ್ದು ಆರನೆಯ ಸಾಲು.

ಮುಂದಿನದನ್ನು ಗೆಳೆಯರು ಹೇಳಿದ್ದು ಮೊನ್ನೆ, ಮೈದಾನದ ಹೊರಗೆ ಕಾರಿನಲ್ಲಿ ಕುಳಿತಾಗ. ಸ್ಟೀರಿಂಗ್ ಬಿಡದೆ, ನನ್ನ ಕಡೆ ನೋಡದೆ ಹೇಳಿದರು.

"ಅಲ್ಲಿ ಎರಡು ಗುರುತು ಇದ್ದೂರಿ. ಬಿಳೀದು ಹಳೇ ಎಂಬತ್ತು ಮೀಟರಿಂದು, ಹಳದೀದು ಹೊಸಾ ನೂರರದು. ನನ್ನ ಸಾಲಿನ್ಯಾಗ ಹಳದಿ ಅಳಿಸಿ ಹೋಗಿತ್ತು. ಬಿಳೀದು ಕಂಡ್ತು, ಅದರ ಮ್ಯಾಲೇ ಇಟ್ಟೆ. ಇಂಜಿನಿಯರ್ ನೋಡ್ರಿ, ದಾರಾ ಹಿಡದು ಆರೂ ಲೇನು ನೆಟ್ಟಗ ಮಾಡಿದೆ. ಅಷ್ಟು ನೆಟ್ಟಗಿತ್ತು, ಯಾರಿಗೂ ಸಂಶೇ ಬರಲಿಲ್ಲ."

ಆ ಸಾಲು ಅರ್ಧ ಮೀಟರ್ ಮುಂದಕ್ಕೆ ಹೋಗಿತ್ತು. ಅಂದರೆ ಅದರ ಹಿಂದೆ ಒಂಬತ್ತು ಮೀಟರ್, ಮುಂದೆ ಎಂಟು. ಓಟದಲ್ಲಿ ಇಬ್ಬರು ಹುಡುಗಿಯರು ಆರನೆಯದಕ್ಕೆ ಎಡವಿ ಬಿದ್ದರು. ಮೆರೆಟೆ ಬೀಳಲಿಲ್ಲ.

"ಆರನೆಯದು ಕೈಗೆ ಸಿಗದಷ್ಟು ದೂರ ಅನ್ನಿಸಿತು. ಹೇಗೋ ಹಾರಿದೆ," ಎಂದು ನೆನೆಯುತ್ತಾರೆ. "ಅದರಾಚೆಗೆ ಮೂರು ಹೆಜ್ಜೆ ಇಟ್ಟೆ ನೋಡಿ, ಅವು ನನ್ನ ಹಳೆಯ ಹೆಜ್ಜೆಗಳು. ಮನೆಗೆ ಹೋಗಿ ಬಂದ ಹಾಗಾಯಿತು. ಅಲ್ಲಿಂದ ಯಾರೂ ನನ್ನನ್ನು ಹಿಡಿಯಲಿಲ್ಲ."

ಗಡಿಯಾರ ಹದಿಮೂರು ಪಾಯಿಂಟ್ ಆರು ತೋರಿಸಿತು. ಮೆರೆಟೆ ಹುಲ್ಲಿನ ಮೇಲೆ ಕುಳಿತು ಅತ್ತರು. ಅಷ್ಟರಲ್ಲಿ ಬಿದ್ದ ಹುಡುಗಿಯರ ಕಡೆಯವರು ಟೇಪು ತರಿಸಿದರು. ಹತ್ತೇ ನಿಮಿಷದಲ್ಲಿ ಆ ಓಟ ರದ್ದಾಯಿತು. ಒಂದು ಗಂಟೆ ಬಿಟ್ಟು ಮತ್ತೆ ಓಡಿಸಿದರು. ಈ ಸಲ ಆರನೆಯ ಹರ್ಡಲ್ ಸರಿಯಾದ ಜಾಗದಲ್ಲಿತ್ತು. ಅಲ್ಲಿಗೆ ಬರುವಷ್ಟರಲ್ಲಿ ದಣಿದ ಬಲತೊಡೆಯ ಸ್ನಾಯು ಹರಿಯಿತು. ಮ್ಯೂನಿಕ್ಕಿಗೆ ಬೇರೆಯವರು ಹೋದರು. ಮೆರೆಟೆ ಮತ್ತೆ ಓಡಲಿಲ್ಲ.

"ಯಾರು ಇಟ್ಟಾರ ಈ ಸಾಲು ಅಂತ ಕೇಳಿದ್ರು," ಎಂದರು ಗೆಳೆಯರು. "ನನ್ನ ಬಾಯಾಗಿಂದ ಮಾತ ಬರಲಿಲ್ರಿ. ಗ್ರೀನ್ ಕಾರ್ಡ್ ಇನ್ನೂ ಬಂದಿರಲಿಲ್ಲ, ಸುಮ್ನ ಹೆದರಿಕಿ. ಗದ್ದಲದಾಗ ಹಿಂದ ಸರದು ನಿಂತೆ. ಐದು ವರ್ಷ ಆತು. ಇವತ್ತ ಹೇಳೇಬಿಡಬೇಕು ಅಂತ ಪ್ರತಿ ಶನಿವಾರ ಡ್ರೈವ್ ಮಾಡ್ಕೊಂಡು ಬರ್ತೀನಿ. ಹರ್ಡಲ್ ಹೊತ್ತು ವಾಪಸ್ ಹೋಗ್ತೀನಿ."

ಇದನ್ನು ಬರೆಯಲೇ ಎಂದು ಕೇಳಿದೆ.

"ಬರೀರಿ. ಅವರಿಗೆ ಕನ್ನಡ ಓದಾಕ ಬರಂಗಿಲ್ಲ."

ಅವರ ಮೇಲೆ ನನಗೆ ಸಿಟ್ಟು ಬಂತು, ಮರುಕವೂ ಬಂತು. ಹೇಳಿಬಿಟ್ಟಿದ್ದರೆ ಎರಡು ನಿಮಿಷದ ಕೆಲಸ. ಆದರೆ ಅವರ ಜಾಗದಲ್ಲಿದ್ದಿದ್ದರೆ ನಾನೂ ಹಿಂದೆ ಸರಿದು ನಿಲ್ಲುತ್ತಿದ್ದೆನೇನೋ.

ಆ ಗಾಯದ ನಂತರ ಮೆರೆಟೆಯ ದಿನಗಳು ಒಂದೇ ಬಣ್ಣದವು. ಚಿಕ್ಕಮ್ಮ ತೀರಿಕೊಂಡರು. ರಾಂಡರ್ಸ್‌ನಲ್ಲಿ ತಾಯಿ ಹೋದಾಗ ಇವರಿಗೆ ಹೋಗಲಾಗಲಿಲ್ಲ. ಬೇಕರಿಯ ಮೇಲಿನ ಒಂದು ಕೋಣೆಯಲ್ಲಿ ಒಬ್ಬರೇ ಇದ್ದಾರೆ. ಚಳಿಗಾಲದಲ್ಲಿ ತೊಡೆ ನೋಯುತ್ತದೆ, ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಲ್ಲಬೇಕು. ಮೈದಾನದ ಈ ಕೆಲಸ ಖಾಲಿ ಇದೆ ಎಂದಾಗ ತಾವಾಗಿಯೇ ಕೇಳಿ ಸೇರಿದರು.

"ಈ ನಾಲ್ಕು ವರ್ಷದಲ್ಲಿ ಇಲ್ಲಿ ಒಂದು ಹರ್ಡಲ್ಲೂ ತಪ್ಪು ಜಾಗದಲ್ಲಿ ನಿಂತಿಲ್ಲ," ಎನ್ನುವಾಗ ಮಾತ್ರ ಅವರ ದನಿ ಸ್ವಲ್ಪ ಏರುತ್ತದೆ.

ಹೊರಡುವ ಮುಂಚೆ ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದೆ. ಟೇಪು ಸುತ್ತುತ್ತಾ ಯೋಚಿಸಿದರು.

"ಆ ಹದಿಮೂರು ಪಾಯಿಂಟ್ ಆರು ಎಲ್ಲೂ ದಾಖಲಾಗಿಲ್ಲ. ನಿಮ್ಮ ಪತ್ರಿಕೆಯಲ್ಲಿ ಬರೆಯುತ್ತೀರಾ? ಸಾಲು ತಪ್ಪಾಗಿತ್ತು ಅನ್ನುವುದನ್ನೂ ಬರೆಯಿರಿ, ಇಲ್ಲದಿದ್ದರೆ ಸುಳ್ಳಾಗುತ್ತದೆ. ಇಟ್ಟವರ ಹೆಸರು ಮಾತ್ರ ಬೇಡ."

ನಾನು ತಬ್ಬಿಬ್ಬಾದೆ. ಮೈದಾನದ ನಡುವೆ ಗೆಳೆಯರು ದಾರ ಹಿಡಿದು ಬಗ್ಗಿದ್ದರು. ಇಟ್ಟವರು ಯಾರೆಂದು ನಿಮಗೆ ಗೊತ್ತೇ ಎಂದೆ.

"ಮೊದಲ ಶನಿವಾರವೇ ಗೊತ್ತಾಯಿತು. ಅಷ್ಟು ನೇರವಾಗಿ ಸಾಲು ಇಡುವವರನ್ನು ನಾನು ಎರಡೇ ಸಲ ನೋಡಿದ್ದೇನೆ. ಆ ಭಾನುವಾರ ಒಂದು, ಆ ಶನಿವಾರ ಇನ್ನೊಂದು." ಆಮೇಲೆ ಕೇಳಿದರು, "ಅವರು ನಿಮ್ಮ ಪತ್ರಿಕೆ ಓದುತ್ತಾರಲ್ಲವೇ?"

ಅಂಚೆಯಲ್ಲಿ ಬರಲು ಮೂರು ವಾರ ಹಿಡಿಯುತ್ತದೆ, ಆದರೆ ಬಿಡದೆ ಓದುತ್ತಾರೆ ಎಂದೆ.

"ಹಾಗಾದರೆ ಇದನ್ನೂ ಬರೆಯಿರಿ. ಹೇಳಬೇಕೆಂದು ಬರುವುದು ಬೇಡ, ಸುಮ್ಮನೆ ಬಂದರೆ ಸಾಕು. ಅರವತ್ತು ಹರ್ಡಲ್ ಒಬ್ಬಳೇ ಹೊರುವುದು ಕಷ್ಟ."

ಅಷ್ಟು ಹೇಳಿ, ಗೆಳೆಯರು ಇಟ್ಟು ಮುಗಿಸಿದ ಸಾಲಿನ ಬಳಿಗೆ ಹೋಗಿ ಮಂಡಿಯೂರಿ ಟೇಪು ಬಿಚ್ಚಿದರು.