ಟವೆಲ್ಲಿನ ಕೆಳಗಿನ ಬೆರಳು

ಹಾವೇರಿಯ ದನದ ಸಂತೆಯ ಎದುರು, ಚಹಾದಂಗಡಿಯಲ್ಲಿ ರಾಣೆಬೆನ್ನೂರಿನ ಬಸ್ಸಿಗಾಗಿ ಕೂತಿದ್ದೆವು. ಜೊತೆಗಿದ್ದ ಶಾಂತಿನಿ ಶ್ರೀಲಂಕಾದವಳು, ಧಾರವಾಡದಲ್ಲಿ ನನ್ನ ಸಹಪಾಠಿ. ಅವಳ ತಮ್ಮ ಅಲ್ಲಿ ಯುದ್ಧ ನಡೆಯುತ್ತಿದ್ದ ಕಡೆ ಸಿಕ್ಕಿಬಿದ್ದಿದ್ದ.

ಟಿವಿಯಲ್ಲಿ ನೆರೆದೇಶಗಳ ಮಂತ್ರಿಗಳ ಸಭೆ. ಕದನವಿರಾಮ ಎಂಬ ಒಂದು ಮಾತಿಗಾಗಿ ಅವಳು ನೋಡುತ್ತಲೇ ಇದ್ದಳು. ಮಂತ್ರಿಗಳು ಕೈಕುಲುಕಿದರು, ಕಳವಳ ವ್ಯಕ್ತಪಡಿಸಿದರು, ಅದು ಆ ದೇಶದ ಆಂತರಿಕ ವಿಷಯ ಎಂದರು. ಆಂತರಿಕವಂತೆ! ಗುಂಡುಗಳು ಹೊರಗಿನಿಂದ ಬರಬಹುದು, ಅವುಗಳನ್ನು ಕೊಳ್ಳುವ ಸಾಲವೂ ಹೊರಗಿನಿಂದ ಬರಬಹುದು. ನಿಲ್ಲಿಸಿ ಎಂದು ನೆರೆಯವರು ಹೇಳುವುದು ಮಾತ್ರ ಹಸ್ತಕ್ಷೇಪ.

ಪಕ್ಕದ ಬೆಂಚಿನಲ್ಲಿ ದಲಾಲಿ ಮಾಡುವ ಹಿರಿಯರೊಬ್ಬರು ಆಗಷ್ಟೇ ಎತ್ತಿನ ವ್ಯವಹಾರ ಮುಗಿಸಿದ್ದರು. ಈ ಸಂತೆಯಲ್ಲಿ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ ಹೊದಿಸಿ, ಅದರಡಿ ಬೆರಳು ಹಿಡಿದು ತಿಳಿಸುತ್ತಾರೆ. ಅವರು ಟಿವಿ ಕಡೆ ಗದ್ದ ಎತ್ತಿ ಹೇಳಿದರು: "ಟವೆಲ್ ಒಂದ ಕಡಿಮಿ ಐತಿ ನೋಡ್ರಿ ಇವರಿಗೆ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವರು ಏನೆಂದರು ಎಂದು ಶಾಂತಿನಿ ಕೇಳಿದಳು. ಇಂಗ್ಲಿಷಿನಲ್ಲಿ ಹೇಳಿದೆ. ಅವಳು ನಗಲಿಲ್ಲ. "ದರ ಕುದುರಿದ್ದು ಎತ್ತಿಗೆ ಯಾವಾಗ ಗೊತ್ತಾಗುತ್ತದೆ ಅಂತ ಕೇಳು," ಎಂದಳು.

ಕೇಳಿದೆ.

"ಹಗ್ಗ ಬ್ಯಾರೇದವ್ರ ಕೈಗೆ ಹೋದಾಗ್ರೀ ಅಕ್ಕಾರ. ಆಮ್ಯಾಲೆ ಎಷ್ಟ ಒದರಿದ್ರೂ ಅಷ್ಟ," ಎಂದು ನಕ್ಕು, ಅವರು ಅವಳತ್ತ ನೋಡಿದರು. "ಇವರ್ದು ಯಾವ ಊರ್ರೀ?"

ಹೇಳಿದೆ. ತಮ್ಮನ ವಿಷಯವನ್ನೂ ಹೇಳಿದೆ. ಅವರು ಹೆಗಲ ಮೇಲಿನ ಟವೆಲ್ ತೆಗೆದು, ಮಡಚಿ, ತೊಡೆಯ ಕೆಳಗೆ ಇಟ್ಟುಕೊಂಡರು.

"ನನ್ನ ಪ್ರಶ್ನೆಗೆ ಏನಂದರು?" ಎಂದಳು ಶಾಂತಿನಿ.

ಬಸ್ ಬಂತಂತೆ ಎಂದೆ. ಬಸ್ ಇನ್ನೂ ಬಂದಿರಲಿಲ್ಲ.