ದಿಂಬು ಎಂದು ಬರೆದುಕೊಂಡ ಮಾತು

ನನ್ನ ಹಳೆಯ ಡೈರಿಯ ಒಂದು ಪುಟದಲ್ಲಿ ‘ದಿಂಬು’ ಎಂಬ ಪದದ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಪಕ್ಕದಲ್ಲಿ ‘ಮೊದಲ ಮಾತು’ ಎಂದಿದೆ. ಅಕ್ಷರ ನನ್ನದೇ. ಆ ಬೆಳಗಿನ ಬಗ್ಗೆ ಖಚಿತವಾಗಿ ಹೇಳಬಲ್ಲದ್ದು ಇಷ್ಟೇ.

ಆಗ ನಾನು ಚಳ್ಳಕೆರೆಯಲ್ಲಿ ಒಂದು ಸಂಶೋಧನೆಗೆ ಸಹಾಯಕಿ. ಕೈಕಾಲು ಬಿಗಿದುಕೊಂಡು ನಡೆಯಲಾಗದ ಮಕ್ಕಳನ್ನು ಕುದುರೆಯ ಮೇಲೆ ಕೂರಿಸಿ ನಿಧಾನವಾಗಿ ಸುತ್ತು ಹಾಕಿಸಿದರೆ ಅವರ ಸೊಂಟ, ಬೆನ್ನು, ಮಾತು ಸುಧಾರಿಸುತ್ತವೆಯೇ ಎಂದು ನೋಡುವುದು ನಮ್ಮ ಕೆಲಸ. ಎಣ್ಣೆ ಮಿಲ್ಲಿನ ಹಿಂದಿನ ಬಯಲು, ಶೇಂಗಾ ಹಿಂಡಿಯ ವಾಸನೆ, ಮದುವೆ ಮೆರವಣಿಗೆಗೆ ಹೋಗುವ ಒಂದು ಬಿಳಿ ಕುದುರೆ. ಅದನ್ನು ಸಾಕಿದ್ದ ಹಿರಿಯರನ್ನು ನಾವು ಚಾಚಾ ಎನ್ನುತ್ತಿದ್ದೆವು. ಕುದುರೆಯ ಬೆನ್ನಿನ ಅಲುಗಾಟ ಮಗುವಿಗೆ ತಾಗಲಿ ಎಂದು ಜೀನು ಹಾಕದೆ ಹತ್ತಿಯ ತೆಳು ದಿಂಬೊಂದನ್ನು ಕಟ್ಟುತ್ತಿದ್ದೆವು. ತಾಯಂದಿರು ದೂರದ ಬೇವಿನ ಮರದಡಿ ಕೂರಬೇಕು. ಹತ್ತಿರವಿದ್ದರೆ ಮಕ್ಕಳು ಅಳುತ್ತಾರೆಂದು ನಾವೇ ಮಾಡಿಕೊಂಡ ನಿಯಮ.

ಮೊಳಕಾಲ್ಮೂರು ಕಡೆಯಿಂದ ಬರುತ್ತಿದ್ದ ಆರು ವರ್ಷದ ಹುಡುಗಿಗೆ ಮಾತು ಬಂದಿರಲಿಲ್ಲ. ‘ಮನೆಮಾತು ತೆಲುಗು’ ಎಂದು ಅವಳ ಹಾಳೆಯಲ್ಲಿ ಬರೆದವಳೂ ನಾನೇ. ಅವಳ ತೊಡೆ ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದೆ. ಮೂರನೆಯ ವಾರ, ಎರಡನೆಯ ಸುತ್ತಿನಲ್ಲಿ, ಅವಳು ಆ ಮಾತು ಅಂದಳು. ಮತ್ತೆ ಅಂದಳು. ಕುದುರೆ ನಿಂತಿತು.

“ಇದು ತಾನಾಗೇ ನಿಲ್ತೈತೆ ಮೇಡಂ. ಬಚ್ಚೀನ ಇಳಿಸ್ಲಾ?” ಎಂದರು ಚಾಚಾ.

“ಬೇಡ ಚಾಚಾ, ಮಾತಾಡ್ತಿದಾಳೆ! ಇನ್ನೊಂದು ಸುತ್ತು.”

ಅವರು ನಿಜವಾಗಿ ಹಾಗೆ ಕೇಳಿದ್ದರೇ? ಡೈರಿಯಲ್ಲಿಲ್ಲ. ಆಮೇಲೆ ನಾನೇ ಸೇರಿಸಿಕೊಂಡಿರಬಹುದು. ಆದರೆ ಕುದುರೆ ನಿಂತದ್ದು ನನ್ನ ಅಂಗೈಗೆ ಈಗಲೂ ಗೊತ್ತು, ಹಿಡಿದಿದ್ದ ಅವಳ ತೊಡೆ ನಡುಗುತ್ತಿತ್ತು.

ಸುತ್ತು ಮುಗಿಸಿ ಅವಳನ್ನು ಇಳಿಸಿದ ಮೇಲೆ ಬೇವಿನ ಮರದ ತನಕ ಓಡಿಹೋಗಿ, “ದಿಂಬು ಅಂದ್ಲು ಕಣಮ್ಮಾ!” ಎಂದು ಕೂಗಿದೆ. ಅವಳ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುಂದಿನ ವಾರ ಹಳೆಯ ಸೀರೆಯಲ್ಲಿ ಒಂದು ಮೆತ್ತನೆಯ ದಿಂಬು ಹೊಲಿದು ತಂದಳು. ಅದನ್ನೇ ಕಟ್ಟಿದೆವು. ಸುತ್ತುಗಳನ್ನು ಹೆಚ್ಚಿಸಿದೆವು. ಆ ದಿನದ ಫೋಟೋದಲ್ಲಿ ಹುಡುಗಿಯ ಹಲ್ಲು ಕಾಣುತ್ತದೆ. ಕೆಳಗೆ ‘ನಗು’ ಎಂದು ಬರೆದಿದ್ದೇನೆ.

ಕಳೆದ ತಿಂಗಳು, ಅದೇ ಸಂಶೋಧನೆಯ ಎರಡನೆಯ ಹಂತಕ್ಕೆ ಒಪ್ಪಿಗೆ ಕೇಳಲು ಅವರ ಮನೆಗೆ ಹೋದೆ. ಈಗ ಹತ್ತು ವರ್ಷದವಳಾದ ಮಗಳನ್ನು ಸೊಂಟದ ಮೇಲೆ ಹೊತ್ತು ತಾಯಿ ಹೊರಗೆ ಬಂದಳು. ಹುಡುಗಿ ಅದೇ ಮಾತು ಅಂದಳು. ತಾಯಿ ಅವಳನ್ನು ಚಾಪೆಯ ಮೇಲೆ ಕೂರಿಸಿದಳು.

“ಏನಂದಳು?”

“ದಿಂಪು ಅಂತ. ಇಳಿಸು ಅಂತ ಮೇಡಂ, ನಮ್ ತೆಲುಗಿನಾಗೆ.” ಆಕೆ ನಕ್ಕಳು. “ಅವತ್ತು ನೀವು ಓಡ್ಬಂದು ದಿಂಬು ಅಂದ್ರಿ, ನಾನೂ ಹುಚ್ಚಿ ಥರ ಕುಂತು ಹೊಲಿದೆ ನೋಡ್ರಿ! ಆದ್ರೂ ನಿಮ್ ಕುದುರೆ ಪುಣ್ಯ, ಇದೊಂದು ಮಾತಾದ್ರೂ ಬಂತು.”

ನನಗೆ ನಗು ಬರಲಿಲ್ಲ.

“ಅವಾಗ ಇಳಿಸಿದ್ರಲ್ಲ ಮೇಡಂ?”

“ಇಳಿಸಿದ್ವಿ,” ಎಂದೆ. ಎಷ್ಟು ಸುತ್ತಿನ ಮೇಲೆ ಎಂದು ಆಕೆ ಕೇಳಲಿಲ್ಲ. ನಾನು ಹೇಳಲಿಲ್ಲ.

ಒಪ್ಪಿಗೆಯ ಹಾಳೆ ತೆಗೆದೆ. ಮಗುವನ್ನೂ ಕೇಳಬೇಕು ಎಂದೆ. ತಾಯಿ ಅವಳತ್ತ ಬಾಗಿ, “ಗುರ್ರಂ ಎಕ್ತಾವಾ?” ಎಂದಳು, ಕುದುರೆ ಹತ್ತುತ್ತೀಯಾ ಎಂದು. ಹುಡುಗಿ ನನ್ನ ಕೈಯನ್ನೇ ನೋಡುತ್ತ “ದಿಂಪು” ಅಂದಳು. ಅವಳು ಆಗಲೇ ನೆಲದ ಮೇಲಿದ್ದಳು.

“ಅವಳಿಗೆ ಬರೋದು ಅದೊಂದೇ ಮಾತಲ್ರೀ. ಹೂಂ ಅಂದ್ಲು ಅಂತ ಬರ್ಕಳ್ರಿ,” ಎಂದಳು ತಾಯಿ.

ನಾನು ‘ಬೇಡ ಅಂದಳು’ ಎಂದು ಬರೆದು ಆಕೆಗೆ ಓದಿ ಹೇಳಿದೆ. ಆಕೆಯ ಮುಖದ ನಗು ಹೋಯಿತು. ಚಾಪೆಯ ಅಂಚು ಸರಿಮಾಡುತ್ತ, ಮಗಳಿಗೋ ನನಗೋ ತಿಳಿಯದ ಹಾಗೆ ಹೇಳಿದಳು:

“ಇನ್ನೊಂದು ಮಾತು ಬರ್ತಿತ್ತೇನೋ.”