ಖಾಲಿ ಡಬ್ಬಿಯ ಕ್ರಿಸ್ಮಸ್

ಡಿಸೆಂಬರ್ ಬಂತೆಂದರೆ ಸಿಯಾಟಲ್ ಪಕ್ಕದ ನಮ್ಮ ಕೆನ್ಮೋರಿನ ಅಂಗಡಿಗೆ ಜಪಾನಿನ ಪುಟ್ಟ ಕಿತ್ತಳೆ ಬರುತ್ತದೆ. ಒಂದೊಂದು ಹಣ್ಣಿಗೂ ಒಂದೊಂದು ಹಸಿರು ಕಾಗದ ಸುತ್ತಿ, ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿಸಿರುತ್ತಾರೆ. ಮೊನ್ನೆ ನಮ್ಮ ಯಜಮಾನರು ಅಂಥದ್ದೊಂದು ಪೆಟ್ಟಿಗೆ ಹೊತ್ತು ತಂದರು. ಉಪ್ಪು ತನ್ನಿ ಎಂದರೆ ಮರೆತು ಬರುವ ಮನುಷ್ಯ, ಹೇಳದೇ ಇದ್ದದ್ದನ್ನು ಮಾತ್ರ ಜ್ಞಾಪಕವಿಟ್ಟುಕೊಂಡು ತರುತ್ತಾರೆ. ಸಿಪ್ಪೆ ಬಿಡಿಸಿದ್ದೇ ತಡ, ಅಡುಗೆಮನೆಯೆಲ್ಲ ಘಮ್ಮೆಂದಿತು. "ತಗೋ" ಎಂದು ಅರ್ಧ ಹಣ್ಣು ನನ್ನ ಮುಂದಿಟ್ಟರು. ನಾನು ಮುಟ್ಟಲಿಲ್ಲ.

"ಇನ್ನೂ ಅದೇನಾ?" ಅಂದರು.

ಅದೇ. ಏನೆಂದು ನಿಮಗೆ ಹೇಳಿಬಿಡುತ್ತೇನೆ. ಹೇಳಿದರೆ ನನ್ನ ಮರ್ಯಾದೆ ಹೋಗುತ್ತದೆ, ಹೋಗಲಿ.

ಕೆಲವು ವರ್ಷಗಳ ಹಿಂದೆ ಇವರ ಕಂಪನಿ ಇವರನ್ನು ಆರು ತಿಂಗಳ ಮಟ್ಟಿಗೆ ಜಪಾನಿಗೆ ಕಳಿಸಿತು. ಮಗಳು ಆಗಷ್ಟೇ ಕಾಲೇಜು ಸೇರಿ ಮನೆ ಬಿಟ್ಟಿದ್ದಳು. ನಾನು ರೆಡ್ಮಂಡಿನ ನನ್ನ ಕೆಲಸಕ್ಕೆ ರಜೆ ಹಾಕಿ, "ನಾನೂ ಬರ್ತೀನಿ, ಜಪಾನ್ ನೋಡಿದ ಹಾಗಾಗತ್ತೆ" ಎಂದು ಹೊರಟೆ. ನೋಡಿದೆ. ಯೋಕೊಹಾಮಾದ ಅಂಚಿನಲ್ಲಿದ್ದ ಅಪಾರ್ಟ್‌ಮೆಂಟಿನ ನಾಲ್ಕು ಗೋಡೆಗಳನ್ನು ಬಹಳ ವಿವರವಾಗಿ ನೋಡಿದೆ. ಇವರು ಬೆಳಿಗ್ಗೆ ಏಳಕ್ಕೆ ಹೊರಟರೆ ಮತ್ತೆ ಮುಖ ಕಾಣುತ್ತಿದ್ದದ್ದು ರಾತ್ರಿಯ ಊಟಕ್ಕೆ. ಹಗಲೆಲ್ಲ ನನ್ನೊಂದಿಗೆ ಮಾತಾಡುತ್ತಿದ್ದದ್ದು ಸ್ನಾನದ ನೀರು ಕಾಯಿಸುವ ಯಂತ್ರ ಒಂದೇ. ನೀರು ಕಾದಿದೆ ಎಂದು ಹೆಣ್ಣುದನಿಯಲ್ಲಿ ತುಂಬ ವಿನಯದಿಂದ ತಿಳಿಸುತ್ತಿತ್ತು. "ಆಯ್ತಮ್ಮ, ಬಂದೆ" ಎಂದು ನಾನು ಅದಕ್ಕೆ ಉತ್ತರ ಕೊಡಲು ಶುರುಮಾಡಿದಾಗ, ಇದು ಸರಿಯಿಲ್ಲ, ಮನುಷ್ಯರ ಪರಿಚಯ ಮಾಡಿಕೊಳ್ಳಬೇಕು ಎಂದು ಗಟ್ಟಿಮನಸ್ಸು ಮಾಡಿದೆ.

ಪಕ್ಕದ ಮನೆಯಲ್ಲಿ ಓಕಾದಾ-ಸಾನ್ ಇದ್ದರು. ಹೆಸರಿಗೆ ಅಂಟಿಸುವ ಈ ಸಾನ್ ನಮ್ಮ 'ಅವರು' ಇದ್ದ ಹಾಗೆ. ಎಪ್ಪತ್ತು ದಾಟಿದ, ಮದುವೆಯ ಗೋಜಿಗೆ ಹೋಗದ, ಮೊಣಕಾಲು ನೋವಿನ ಹೆಂಗಸು. ಹೊಸದಾಗಿ ಬಂದವರು ಅಕ್ಕಪಕ್ಕದವರಿಗೆ ಏನಾದರೂ ಸಣ್ಣದು ಕೊಟ್ಟು ಪರಿಚಯ ಹೇಳಿಕೊಳ್ಳಬೇಕು, ಒಂದು ಟವೆಲ್ಲೋ ಸೋಪೋ ಸಾಕು ಎಂದು ನಮ್ಮ ಯಜಮಾನರ ಆಫೀಸಿನಲ್ಲಿ ಹೇಳಿದ್ದರಂತೆ. ಮೈಸೂರಿನವಳು ಸೋಪು ಕೊಟ್ಟಿದ್ದರೆ ಊರಿಗೂ ಹೆಸರು ಬರುತ್ತಿತ್ತು, ವಿಷಯವೂ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನನ್ನ ಕೈ ಸುಮ್ಮನಿರಬೇಕಲ್ಲ! ಸ್ಟೀಲ್ ಡಬ್ಬಿಯ ತುಂಬ ಕೇಸರಿಬಾತು ಒತ್ತಿ ತುಂಬಿಸಿ ತೆಗೆದುಕೊಂಡು ಹೋದೆ.

ಮೂರನೆಯ ದಿನ ಡಬ್ಬಿ ಫಳಫಳ ಹೊಳೆಯುತ್ತ ಹಿಂದಿರುಗಿತು. ಜೊತೆಗೆ ಅವರದೊಂದು ಗಾಜಿನ ಡಬ್ಬಿ, ಅದರಲ್ಲಿ ಎಳ್ಳು ಮೆತ್ತಿದ ಅಕ್ಕಿಬಿಸ್ಕತ್ತು. ಈಗ ನೀವೇ ಹೇಳಿ, ಆ ಗಾಜಿನ ಡಬ್ಬಿಯನ್ನು ಬರಿದಾಗಿ ವಾಪಸು ಕೊಡಲಾದೀತೇ? ಪಕ್ಕದ ಮನೆಯಿಂದ ಬಂದ ಪಾತ್ರೆ ಖಾಲಿ ಹೋಗಬಾರದು ಎಂದು ನನಗೆ ಅ ಆ ಇ ಈ ತಿದ್ದಿಸುವ ಮೊದಲೇ ಕಲಿಸಿದ್ದರು. ಚಕ್ಕುಲಿ ಹಾಕಿ ಕೊಟ್ಟೆ. ಎರಡು ದಿನಕ್ಕೆ ಪರ್ಸಿಮನ್ ಹಣ್ಣು ಬಂತು. ನಾನು ಕೋಡುಬಳೆ ಕೊಟ್ಟೆ. ಕಾಗದದಲ್ಲಿ ಸುತ್ತಿದ ಹಸಿರು ಚಹಾ ಬಂತು. ನಾನು ಕೊಬ್ಬರಿಮಿಠಾಯಿ ಕೊಟ್ಟೆ. ನವೆಂಬರ್ ಮುಗಿಯುವ ಹೊತ್ತಿಗೆ ವಾರಕ್ಕೆ ಮೂರು ಸಲ ಬೆಲ್ ಆಗುತ್ತಿತ್ತು, ಅವರ ಮನೆಯದೋ ನಮ್ಮದೋ. ಅವರು ಬಗ್ಗುವರು, ನಾನು ಬಗ್ಗುವೆ, ನನಗಿಂತ ತಗ್ಗಿ ಅವರು ಮತ್ತೊಮ್ಮೆ ಬಗ್ಗುವರು. "ಒಳಗೆ ಬನ್ನಿ, ಕಾಫಿ ಕುಡಿಯಿರಿ" ಎಂದರೆ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿಯುವರು. ಎಲ್ಲ ಸೇರಿ ನಾಲ್ಕು ನಿಮಿಷ. ಆ ನಾಲ್ಕು ನಿಮಿಷಕ್ಕೆ ನಾನು ಸೀರೆ ಉಟ್ಟು ಕಾಯುತ್ತಿದ್ದೆ ಎಂದರೆ ನಂಬುತ್ತೀರಾ? ಇದು ಸ್ನೇಹ, ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಿದೆ ಎಂದೇ ತಿಳಿದಿದ್ದೆ.

ಅಷ್ಟರಲ್ಲಿ ಕ್ರಿಸ್ಮಸ್ ಬಂತು. ಜಪಾನಿನ ಕ್ರಿಸ್ಮಸ್ಸನ್ನು ನೀವು ನೋಡಬೇಕು. ರೈಲು ನಿಲ್ದಾಣದಲ್ಲಿ ಮರ, ತರಕಾರಿ ಅಂಗಡಿಯಲ್ಲಿ ಮರ, ಹಲ್ಲಿನ ಡಾಕ್ಟರ ಮೇಜಿನ ಮೇಲೂ ಒಂದು ಮರ. ಹಬ್ಬದ ಊಟಕ್ಕೆ ಕರಿದ ಕೋಳಿ, ಅದನ್ನು ವಾರಗಟ್ಟಲೆ ಮುಂಚೆಯೇ ಹೇಳಿಟ್ಟಿರಬೇಕು. ಆಮೇಲೆ ಸ್ಟ್ರಾಬೆರಿ ಇಟ್ಟ ಬಿಳಿ ಕೇಕು. ಇಪ್ಪತ್ತನಾಲ್ಕರ ಸಂಜೆ ಪ್ರೇಮಿಗಳು ಕೈ ಕೈ ಹಿಡಿದು ದೀಪ ನೋಡಲು ಹೋಗುತ್ತಾರೆ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದ ನಾವೂ ಹೋದೆವು. ಇವರ ಎರಡು ಕೈಯೂ ಕೋಟಿನ ಜೇಬಿನಲ್ಲಿ, ನನ್ನ ಎರಡು ಕೈಯಲ್ಲೂ ಈರುಳ್ಳಿಯ ಚೀಲ.

ಇಷ್ಟೆಲ್ಲ ಸಂಭ್ರಮಪಟ್ಟು ಇಪ್ಪತ್ತೈದಕ್ಕೆ ರಜೆ ಮಾತ್ರ ಇಲ್ಲ! ಇದನ್ನು ಕೇಳಿ ನಮ್ಮ ಯಜಮಾನರಿಗೆ ಬಂದ ಸಿಟ್ಟು ಪಾದ್ರಿಗಳಿಗೂ ಬರಲಿಕ್ಕಿಲ್ಲ. "ಕ್ರಿಸ್ಮಸ್ ದಿನ ಆಫೀಸಾ? ಏನ್ ಜನಾನೇ ಇವ್ರು, ಸ್ವಲ್ಪಾನೂ ಭಕ್ತಿ ಬೇಡ್ವಾ?" ದಿನಾ ಬೆಳಿಗ್ಗೆ ವಿಭೂತಿ ಹಚ್ಚುವ ಮನುಷ್ಯನ ಮಾತು ಇದು. ಕೆನ್ಮೋರಿನ ನಮ್ಮ ಗ್ಯಾರೇಜಿನಲ್ಲಿ ಗಣಪತಿಯ ಮಂಟಪ ಮತ್ತು ಪ್ಲಾಸ್ಟಿಕ್ಕಿನ ಕ್ರಿಸ್ಮಸ್ ಮರ ಒಂದೇ ಪೆಟ್ಟಿಗೆಯಲ್ಲಿ ವಾಸಿಸುತ್ತವೆ, ಆ ಬಲದಿಂದ ಆಡಿದ್ದು.

ಅದಿರಲಿ. ಇಪ್ಪತ್ತಮೂರರ ಸಂಜೆ ಇವರು ಆಫೀಸಿನಿಂದ ಮುಖ ಸಪ್ಪಗೆ ಮಾಡಿಕೊಂಡು ಬಂದರು. ಊಟದ ಹೊತ್ತಿನಲ್ಲಿ ಅಲ್ಲಿನ ಹುಡುಗಿಯೊಬ್ಬಳಿಗೆ ನಮ್ಮ ಡಬ್ಬಿಗಳ ಕಥೆಯನ್ನು ಹೆಮ್ಮೆಯಿಂದ ಹೇಳಿದರಂತೆ. ಅವಳು ಚಾಪ್‌ಸ್ಟಿಕ್ ಕೆಳಗಿಟ್ಟು ಕಣ್ಣರಳಿಸಿದಳಂತೆ.

"ಇಲ್ಲಿ ಒಬ್ರು ಏನಾದ್ರೂ ಕೊಟ್ರೆ ತಿರುಗಿ ಕೊಡ್ಲೇಬೇಕಂತೆ ಕಣೇ. ಅದು ಕಡ್ಡಾಯ. ಆದ್ರೆ ಹಾಗೆ ತಿರುಗಿ ಕೊಟ್ಟಿದ್ದಕ್ಕೆ ಮತ್ತೆ ಯಾರೂ ಕೊಡಲ್ವಂತೆ, ಅಲ್ಲಿಗೆ ಮುಗೀತಂತೆ. ನೀನು ಮುಗಿಯಕ್ಕೇ ಬಿಟ್ಟಿಲ್ಲ."

"ಅಂದ್ರೆ?"

"ಅಂದ್ರೆ, ಮೂರು ತಿಂಗಳಿಂದ ಆ ಮುದುಕಿ ಮಂಡಿ ನೋವಿಟ್ಕೊಂಡು, ಈ ಚಳೀಲಿ, ನಿನ್ನ ಚಕ್ಕುಲಿಗೆ ಉತ್ತರ ಹುಡುಕ್ಕೊಂಡು ಅಂಗಡಿ ಅಂಗಡಿ ಅಲೀತಿದಾರೆ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆ ದಿನ ಮನೆಯಲ್ಲಿ ಅವರ ಗಾಜಿನ ಡಬ್ಬಿ ಇತ್ತು. ಅದನ್ನು ಖಾಲಿಯಾಗಿ ಕೊಟ್ಟುಬಿಟ್ಟರೆ ಅವರು ಬಿಡುಗಡೆಯಾದರು, ಇಷ್ಟೇ ಉಪಾಯ. ಇಪ್ಪತ್ತನಾಲ್ಕರ ಬೆಳಿಗ್ಗೆ ಡಬ್ಬಿಯನ್ನು ಮೂರು ಸಲ ತೊಳೆದೆ. ಖಾಲಿ ಎಂದರೆ ಖಾಲಿಯಾಗಿಯೇ ಇತ್ತು, ನೋಡಲು ಆಗುತ್ತಿರಲಿಲ್ಲ. ಇವರು ಶೂ ಹಾಕಿಕೊಳ್ಳುತ್ತಿದ್ದಾಗ ನಾಲ್ಕು ಕಾಳು ಸಕ್ಕರೆಯನ್ನು ಮೆಲ್ಲಗೆ ಒಳಗೆ ಉದುರಿಸಿದೆ. ಶಾಸ್ತ್ರಕ್ಕೆ.

"ತೆಗಿ ಅದನ್ನ!" ಎಂದು ಬಾಗಿಲಿನಿಂದಲೇ ಕೂಗಿದರು. "ಆ ನಾಲ್ಕು ಕಾಳಿಗೂ ಅವ್ರು ಮೂರು ಕೆಜಿ ಏನಾದ್ರೂ ತರ್ತಾರೆ."

ಸಕ್ಕರೆ ಒರೆಸಿ ಹೋದೆ. ಓಕಾದಾ-ಸಾನ್ ಎರಡೂ ಕೈಯಲ್ಲಿ ಡಬ್ಬಿ ತೆಗೆದುಕೊಂಡರು. ಅದರ ಹಗುರ ಗೊತ್ತಾಗಿ ಒಂದು ಕ್ಷಣ ನನ್ನ ಮುಖ ನೋಡಿದರು. ಬಗ್ಗಿದರು. ಬಾಗಿಲು ಮುಚ್ಚಿತು. ಕನ್ನಡಿಗರಲ್ಲಿ ಇಷ್ಟು ದೊಡ್ಡ ಅವಮಾನ ಮಾಡಿದವಳು ನಾನೊಬ್ಬಳೇ ಇರಬೇಕು ಎಂದುಕೊಂಡು ಮನೆಗೆ ಬಂದು ಅತ್ತೆ.

ಮರುದಿನ, ಕ್ರಿಸ್ಮಸ್. ಇವರು ಭಕ್ತಿಯಿಲ್ಲದ ಜನರನ್ನು ಬೈಯುತ್ತ ಆಫೀಸಿಗೆ ಹೋಗಿದ್ದರು. ಹನ್ನೊಂದಕ್ಕೆ ಬೆಲ್ ಆಯಿತು. ತೆರೆದರೆ ಓಕಾದಾ-ಸಾನ್. ಕೈಯಲ್ಲಿ ಏನೂ ಇಲ್ಲ! ಅವರ ಕೈಗಳನ್ನು ನಾನು ಸರಿಯಾಗಿ ನೋಡಿದ್ದೇ ಅಂದು. ಚಪ್ಪಲಿ ಬಿಟ್ಟು ನೇರ ಒಳಗೆ ಬಂದರು. ಅಲ್ಲಿ ಚಳಿಗಾಲದಲ್ಲಿ ಗಿಡ್ಡ ಮೇಜಿಗೆ ರಜಾಯಿ ಹೊದಿಸಿ, ಕೆಳಗೆ ಕಾವಿನ ದೀಪ ಇಡುತ್ತಾರೆ, ನಮ್ಮ ಮನೆಯ ಅಂಥ ಮೇಜಿನ ರಜಾಯಿಯೊಳಗೆ ಕಾಲು ಇಳಿಬಿಟ್ಟು ಕೂತರು.

ಎರಡು ಗಂಟೆ ಕೂತಿದ್ದರು. ಕಾಫಿ ಕುಡಿದರು, ಇನ್ನೊಂದು ಲೋಟ ಕೇಳಿ ಕುಡಿದರು. ಹಡಗಿನ ಕಂಪನಿಯಲ್ಲಿ ಟೈಪಿಸ್ಟ್ ಆಗಿದ್ದರಂತೆ, ಅಷ್ಟಿಷ್ಟು ಇಂಗ್ಲಿಷ್ ಬಂದದ್ದು ಹಾಗೆ. ಬಾಂಬೆ, ಮದ್ರಾಸು, ಕೊಚ್ಚಿನ್ ಎಂದು ಮೂವತ್ತು ವರ್ಷ ಟೈಪು ಮಾಡಿದ್ದರು, ಆ ಕಡೆಯಿಂದ ಬಂದ ಒಬ್ಬರ ಜೊತೆ ಕೂತು ಮಾತಾಡಿದ್ದು ಇದೇ ಮೊದಲಂತೆ. ಅಕ್ಟೋಬರಿನಿಂದ ಬೆಲ್ ಆದಾಗಲೆಲ್ಲ ಎದೆ ಧಸಕ್ಕೆನ್ನುತ್ತಿತ್ತು ಎಂದು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. "ನಿನ್ನೆ ಖಾಲಿ ಡಬ್ಬಿ ನೋಡಿ ತುಂಬಾ ಸಂತೋಷ ಆಯಿತು. ಈಗ ಸ್ನೇಹಿತರಾಗಬಹುದು ಅಂದುಕೊಂಡೆ" ಎಂದರು. ನಾನು ನನ್ನ ಮಗಳ ಸುದ್ದಿ ಹೇಳಿದೆ, ಅವಳು ಫೋನ್ ಮಾಡದ ಸುದ್ದಿ ಹೇಳಿದೆ, ಸ್ನಾನದ ಯಂತ್ರಕ್ಕೆ ಉತ್ತರ ಕೊಡುವುದನ್ನೂ ಹೇಳಿದೆ. ತಾನೂ ಕೊಡುತ್ತೇನೆ ಎಂದರು! ಮೂರು ತಿಂಗಳಲ್ಲಿ ಅಷ್ಟು ನಕ್ಕಿದ್ದಿಲ್ಲ ನಾನು.

ಎದ್ದು ಹೊರಟವರು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಕೇಳಿದರು: "ನಾಳೆ ಬರಲೇ?"

"ಬನ್ನಿ" ಎಂದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ನನ್ನ ಬಾಯಿ "ಒಂದು ನಿಮಿಷ" ಎಂದಿತು, ನನ್ನ ಕಾಲು ಒಳಗೆ ಓಡಿತು. ಮೊದಲ ಸಲ ಮನೆಯೊಳಗೆ ಬಂದು ಕೂತ ಹೆಂಗಸು! ಬರಿಗೈಯಲ್ಲಿ ಕಳಿಸುವುದೇ? ತಟ್ಟೆಯಲ್ಲಿ ಅರಿಸಿನ ಕುಂಕುಮ, ಎರಡು ಬಾಳೆಹಣ್ಣು, ಒಂದು ಬ್ಲೌಸ್ ಪೀಸು ಜೋಡಿಸಿದೆ. ಆ ಬ್ಲೌಸ್ ಪೀಸು ಸಿಯಾಟಲ್ಲಿನ ಆರು ಮನೆ ಸುತ್ತಿ ನನ್ನ ಹತ್ತಿರ ಬಂದಿತ್ತು, ಅದನ್ನು ಯಾರೂ ಎಂದೂ ಹೊಲಿಸುವುದಿಲ್ಲ. ಇಷ್ಟು ಸಾಲದೆಂದು ಡಬ್ಬಿಯ ತುಂಬ ಕೋಡುಬಳೆ. ತಂದು ಅವರ ಖಾಲಿ ಕೈಗಳ ಮೇಲೆ ಇಟ್ಟೆ.

ಅವರ ಮುಖದಲ್ಲಿ ನಗು ಹಾಗೇ ಇತ್ತು, ಆದರೆ ಅದು ಬಾಗಿಲಲ್ಲಿ ನಿಂತು ನಗುವ ಹಳೆಯ ನಗು. ಎರಡು ಕೈಯಲ್ಲೂ ಹಿಡಿದುಕೊಂಡರು. ತಗ್ಗಿ, ತುಂಬ ತಗ್ಗಿ ಬಗ್ಗಿದರು.

ಮರುದಿನ ಬೆಳಿಗ್ಗೆ ಬೀದಿಯಲ್ಲಿ ಸಾಂಟಾಗಳೆಲ್ಲ ಮಾಯವಾಗಿ ಹೊಸವರ್ಷದ ಬಿದಿರಿನ ಅಲಂಕಾರ ನಿಂತಿತ್ತು. ನಮ್ಮ ಬಾಗಿಲಲ್ಲಿ ಒಂದು ಪೆಟ್ಟಿಗೆ ಕಿತ್ತಳೆ ಇತ್ತು, ಮೇಲೆ ತೊಳೆದ ಡಬ್ಬಿ. ಬೆಲ್ ಆಗಿರಲಿಲ್ಲ. ಹನ್ನೊಂದರ ತನಕ ಕಾದೆ, ಒಂದರ ತನಕ ಕಾದೆ. ಬರಲಿಲ್ಲ. ಇವರಿಗೆ ಹೇಳಿದರೆ, "ಅಯ್ಯೋ, ಎರಡು ಗಂಟೆ ಕೈ ಕಟ್ಕೊಂಡು ಇರಕ್ಕಾಗ್ಲಿಲ್ವೇನೇ ನಿಂಗೆ?" ಅಂದರು. ಆಗಲಿಲ್ಲ. ಆಮೇಲೆ ನಾನು ಏನೂ ಕೊಡಲಿಲ್ಲ, ನಾನೇ ಹೋಗಿ ಕರೆದೆ, ಅವರು ಮೊಣಕಾಲು ತೋರಿಸಿ ಕ್ಷಮೆ ಕೇಳಿದರು. ಮಾರ್ಚಿನಲ್ಲಿ ಹೊರಡುವಾಗ ಗೇಟಿನ ತನಕ ಬಂದು ಒಂದು ಚೀಟಿಯಲ್ಲಿ ವಿಳಾಸ, ಫೋನ್ ನಂಬರು ಬರೆದುಕೊಟ್ಟರು. ಅಂದಿನಿಂದ ಪ್ರತಿ ಹೊಸವರ್ಷಕ್ಕೆ ನಾನೊಂದು ಕಾರ್ಡು ಹಾಕುತ್ತೇನೆ, ಅವರದೊಂದು ತಪ್ಪದೆ ಬರುತ್ತದೆ. ನನ್ನದು ನಾಲ್ಕು ಸಾಲಾದರೆ ಅವರದೂ ನಾಲ್ಕೇ ಸಾಲು.

ಮೊನ್ನೆ ಆ ಪರಿಮಳದ ಮಧ್ಯೆ ಕೂತು ಈ ವರ್ಷದ ಕಾರ್ಡು ಬರೆಯಲು ಪೆನ್ನು ತೆಗೆದೆ. ಬರೆಯಲಾಗಲಿಲ್ಲ. ಇನ್ನೊಂದು ಕಾರ್ಡು, ಎಂಬತ್ತರ ಹತ್ತಿರ ಬಂದ ಜೀವಕ್ಕೆ ಅಂಚೆಪೆಟ್ಟಿಗೆಯ ತನಕ ಇನ್ನೊಂದು ನಡಿಗೆ. ಪೆನ್ನು ಇಟ್ಟು ಫೋನ್ ತೆಗೆದುಕೊಂಡೆ. ಇಲ್ಲಿ ಸಂಜೆ ಐದು, ಅಲ್ಲಿ ಮಾರನೆಯ ಬೆಳಿಗ್ಗೆ ಹತ್ತು.

"ಏನಂತ ಹೇಳ್ತೀಯ? ವಿಷಯಾನೇ ಇಲ್ದೆ ಯಾರಾದ್ರೂ ಕಾಲ್ ಮಾಡ್ತಾರಾ?" ಅಂದರು ಯಜಮಾನರು.

ಆರು ರಿಂಗ್ ಆದಮೇಲೆ ಎತ್ತಿದರು. ಹೆಸರು ಹೇಳಿದೆ. "ಏನಾಯಿತು? ಏನಾದರೂ ಬೇಕಿತ್ತೇ?" ಎಂದು ಗಾಬರಿಯಲ್ಲಿ ಕೇಳಿದರು.

"ಏನೂ ಬೇಡ. ಏನೂ ಕಳಿಸಿಯೂ ಇಲ್ಲ, ಕಳಿಸುವುದೂ ಇಲ್ಲ. ಸುಮ್ಮನೆ ಮಾಡಿದೆ."

ಬೇಕಾದರೆ ಒಂದಿಷ್ಟು ಕೋಡುಬಳೆ ಕಳಿಸುತ್ತೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಕಷ್ಟಪಟ್ಟು ನುಂಗಿಕೊಂಡೆ. ಯಜಮಾನರು ಹಣ್ಣು ತಿನ್ನುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

"ಸ್ವಲ್ಪ ಇರು" ಎಂದರು ಓಕಾದಾ-ಸಾನ್. ಕುರ್ಚಿ ಎಳೆದ ಸದ್ದು ಕೇಳಿಸಿತು. "ಕೂತುಕೊಳ್ಳುತ್ತೇನೆ."